ವೈರಸ್ ಹಿಡಿದ ಹಳೇ ಕಂಪ್ಯೂಟರನ್ನು ಗುಜರಿಗೆ ಕೊಡೋ ಮುಂಚೆ ನೀವೇನು ಮಾಡಿದಿರಿ?

ಹನುಮಂತನಗರದಿಂದ ಪ್ರಶ್ನೆ

ಅಪ್ಪನ ಹಳೇ ಡೆಸ್ಕ್‌ಟಾಪ್ ಅಟ್ಟದ ಮೇಲಿದೆ. ವಿಂಡೋಸ್ 7. ಆನ್ ಮಾಡಿದರೆ ಸಾಕು, ಒಂದರ ಮೇಲೊಂದು ಜಾಹೀರಾತು. ಪೆನ್‌ಡ್ರೈವ್ ಹಾಕಿದರೆ ಅದರಲ್ಲಿರೋ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡುತ್ತವೆ. ಗುಜರಿಯವರು 400 ರೂಪಾಯಿಗೆ ಕೇಳುತ್ತಿದ್ದಾರೆ. ಒಳಗೆ ಮನೆಯವರ ಫೋಟೊ, ಅಪ್ಪನ ಪೆನ್ಷನ್ ಕಾಗದ, ಎಲ್ಲರ ಆಧಾರ್ ಸ್ಕ್ಯಾನ್ ಇದೆ. ಮಾಡಿ ಗೊತ್ತಿರುವವರು ಹೇಳಿ.

ರಾಜಾಜಿನಗರದಿಂದ

ಮೇಡಂ, ನೀವು ವೈರಸ್‌ಗೆ ಹೆದರುತ್ತಿದ್ದೀರಿ. ಹೆದರಬೇಕಾದ್ದು ಡಿಸ್ಕಿಗೆ. ಕೆಲವು ವರ್ಷದ ಹಿಂದೆ ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ ಎಸ್.ಪಿ. ರೋಡಿನಿಂದ ಒಂದು ಸೆಕೆಂಡ್ ಹ್ಯಾಂಡ್ ಹಾರ್ಡ್ ಡಿಸ್ಕ್ ತಂದೆ. ತೆರೆದರೆ ಖಾಲಿ. ಸುಮ್ನೆ ಕುತೂಹಲಕ್ಕೆ ಅಳಿಸಿದ ಫೈಲ್ ಹುಡುಕಿಕೊಡುವ ಫೋಟೊರೆಕ್ ಅನ್ನೋ ಉಚಿತ ಸಾಫ್ಟ್‌ವೇರ್ ಓಡಿಸಿದೆ. ಸಂಜೆ ಹೊತ್ತಿಗೆ ಯಾರದೋ ಮನೆಯ ನಾಮಕರಣದ ಫೋಟೊಗಳು ಒಂದೊಂದಾಗಿ ಬಂದವು. ತೊಟ್ಟಿಲು, ಅಜ್ಜಿ, ಬಾಳೆಲೆ ಸಾಲು. ಆಮೇಲೆ ಪ್ಯಾನ್ ಕಾರ್ಡು, ಪಾಸ್‌ಬುಕ್ಕಿನ ಮೊದಲ ಪುಟ. ಎಲ್ಲ ಅಳಿಸಿದೆ, ಆದರೆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಅದಕ್ಕೆ ಮುಂಚೆ ನಮ್ಮನೆ ಕಂಪ್ಯೂಟರನ್ನು ನಾನೂ "ಫಾರ್ಮ್ಯಾಟ್ ಮಾಡಿದೀನಲ್ಲ" ಅಂತ ಧೈರ್ಯವಾಗಿ ಮಾರಿದ್ದೆ.

ಡಿಲೀಟ್ ಮಾಡಿದರೆ ಫೈಲ್ ಹೋಗಲ್ಲ. ಅದು ಎಲ್ಲಿದೆ ಅನ್ನೋ ಪಟ್ಟಿಯಲ್ಲಿ ಹೆಸರು ಹೊಡೆದುಹಾಕಿದಂತೆ, ಅಷ್ಟೇ. ಕ್ವಿಕ್ ಫಾರ್ಮ್ಯಾಟ್ ಕೂಡ ಹಾಗೇ.

ಈಗ ನಾನು ಮಾಡುವುದು ಹೀಗೆ. ನೆಟ್ ಕೇಬಲ್ ಕಿತ್ತಿಡುತ್ತೇನೆ. ಬೇರೆ ಒಳ್ಳೇ ಕಂಪ್ಯೂಟರಿನಲ್ಲಿ ಲಿನಕ್ಸ್ ಮಿಂಟನ್ನು (ವಿಂಡೋಸ್ ಬದಲು ಬಳಸುವ ಉಚಿತ ಆಪರೇಟಿಂಗ್ ಸಿಸ್ಟಮ್) ಪೆನ್‌ಡ್ರೈವಿಗೆ ಹಾಕಿ, ಹಳೇದನ್ನು ಅದರಿಂದ ಬೂಟ್ ಮಾಡುತ್ತೇನೆ, ಅಂದರೆ ಶುರು ಮಾಡುತ್ತೇನೆ. ಇನ್‌ಸ್ಟಾಲ್ ಬೇಡ, ಪೆನ್‌ಡ್ರೈವಿನಿಂದಲೇ ನಡೆಯುತ್ತದೆ. ವಿಂಡೋಸ್ ಏಳುವುದೇ ಇಲ್ಲ, ಹಾಗಾಗಿ ಅದನ್ನೇ ನಂಬಿಕೊಂಡ ವೈರಸ್ಸೂ ಮಲಗಿರುತ್ತದೆ. ಶಾರ್ಟ್‌ಕಟ್ ಆದ ಫೋಲ್ಡರ್‌ಗಳ ಬಗ್ಗೆ ಅಳಬೇಡಿ. ಸಾಮಾನ್ಯವಾಗಿ ಆ ವೈರಸ್ ಅಸಲಿ ಫೋಲ್ಡರನ್ನು ಅಡಗಿಸಿಡುತ್ತದೆ, ಅಳಿಸಲ್ಲ. ಲಿನಕ್ಸಿನಲ್ಲಿ ಕಣ್ಣಿಗೆ ಬೀಳುತ್ತದೆ. ಫೋಟೊ, ಪಿಡಿಎಫ್, ವರ್ಡ್ ಫೈಲ್ ಇಷ್ಟು ಮಾತ್ರ ಕಾಪಿ ಮಾಡಿಕೊಳ್ಳಿ. ಇಎಕ್ಸ್‌ಇ ಫೈಲುಗಳು (ಪ್ರೋಗ್ರಾಂ ಓಡಿಸುವಂಥವು), ಹಳೇ ಸಾಫ್ಟ್‌ವೇರ್, ಶಾರ್ಟ್‌ಕಟ್ ಬೇಡವೇ ಬೇಡ. ಹೊಸ ಕಂಪ್ಯೂಟರಿನಲ್ಲಿ ತೆರೆಯುವ ಮುಂಚೆ ಒಂದು ಸಲ ಸ್ಕ್ಯಾನ್ ಮಾಡಿ.

ಇನ್ನೊಂದು. ಆ ಕಂಪ್ಯೂಟರಿನಲ್ಲಿ ಎಂದಾದರೂ ಲಾಗಿನ್ ಆಗಿದ್ದ ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನೆಲ್ಲ ಮೊಬೈಲಿನಿಂದ ಬದಲಿಸಿ. ಹಳೇ ಕಂಪ್ಯೂಟರಿನಲ್ಲೇ ಕೂತು ಬದಲಿಸಿದರೆ ಹೊಸ ಪಾಸ್‌ವರ್ಡನ್ನೂ ವೈರಸ್ಸಿನ ಕೈಗೇ ಕೊಟ್ಟಂತೆ.

ಚಾಮರಾಜಪೇಟೆಯಿಂದ

ನಮ್ಮದು ಡಿಟಿಪಿ ಕೆಲಸ. ನಿಮ್ಮ ತಂದೆಯವರು ನುಡಿ, ಬರಹ ಅನ್ನೋ ಕನ್ನಡ ಸಾಫ್ಟ್‌ವೇರ್‌ಗಳಲ್ಲಿ ಟೈಪ್ ಮಾಡುತ್ತಿದ್ದರಾ? ಹಾಗಿದ್ದರೆ ವಿಂಡೋಸ್ ಒಳಗಿರುವ ಫಾಂಟ್ಸ್ ಫೋಲ್ಡರಿನಿಂದ ಆ ಫಾಂಟುಗಳನ್ನೂ ಎತ್ತಿಕೊಳ್ಳಿ. ಹಳೇ ನುಡಿ ಫೈಲುಗಳು ಹೆಚ್ಚಾಗಿ ಯೂನಿಕೋಡ್ (ಎಲ್ಲ ಕಡೆ ಓದಲು ಬರುವ ಈಗಿನ ಅಕ್ಷರ ಪದ್ಧತಿ) ಅಲ್ಲ. ಫಾಂಟ್ ಇಲ್ಲದೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಮ್ಮ ಮಾವನವರು ಟೈಪ್ ಮಾಡಿದ್ದ ವಂಶಾವಳಿಯನ್ನು ಫೈಲೇ ಕೆಟ್ಟಿದೆ ಅಂದುಕೊಂಡು ಎಸೆಯೋದರಲ್ಲಿದ್ದೆವು!

ಯಲಹಂಕದಿಂದ

ಕಾಪಿ ಆದ ಮೇಲೆ ಅಳಿಸುವ ಕೆಲಸ. ಹಾರ್ಡ್ ಡಿಸ್ಕ್ ಆದರೆ ಡಿಬ್ಯಾನ್ ಅನ್ನೋ ಅಳಿಸುವ ಸಾಫ್ಟ್‌ವೇರ್ ಸಾಕು. ಇಡೀ ಡಿಸ್ಕಿನ ಮೇಲೆ ಬೇರೆ ಏನಾದರೂ ಬರೆದುಬಿಡುತ್ತದೆ. ಏಳು ಸಲ, 35 ಸಲ ಬರೆಯಬೇಕು ಅನ್ನೋದು ಹಳೇ ಕಾಲದ ಮಾತು, ಈಗಿನ ಡಿಸ್ಕಿಗೆ ಪೂರ್ತಿ ಒಂದು ಸಲ ಬರೆದರೆ ಆಯಿತು. ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಮಲಗಿ. ಆದರೆ ಶುರು ಮಾಡೋ ಮುಂಚೆ ಬ್ಯಾಕಪ್ ಡಿಸ್ಕನ್ನು ದಯವಿಟ್ಟು ಕಿತ್ತಿಡಿ! ಡಿಬ್ಯಾನ್‌ಗೆ ಬೇಕಾದ ಡಿಸ್ಕ್ ಯಾವುದು, ಬೇಡದ್ದು ಯಾವುದು ಗೊತ್ತಿಲ್ಲ. ನಾನು ಹೀಗೇ ಮಗಳ ಎರಡು ವರ್ಷದ ಫೋಟೊ ಕಳೆದುಕೊಂಡೆ.

ಎಸ್‌ಎಸ್‌ಡಿಗೆ (ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲಿ ಬರೆಯುವ ಡಿಸ್ಕ್) ಇದನ್ನು ಬಳಸಬೇಡಿ. ಅದು ಬರೆಯುವ ಜಾಗವನ್ನು ಒಳಗೊಳಗೇ ಬದಲಿಸುತ್ತಿರುತ್ತದೆ, ಹಳೇದು ಮೂಲೆಯಲ್ಲಿ ಉಳಿದುಬಿಡಬಹುದು. ತಯಾರಿಸಿದ ಕಂಪನಿಯ ಸೆಕ್ಯೂರ್ ಇರೇಸ್ ಅನ್ನೋ ಅಳಿಸುವ ಸೌಲಭ್ಯ ಬಳಸಿ.

ಚಿಕ್ಕಪೇಟೆಯಿಂದ

ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಇದ್ದರೆ ಅಳಿಸೋ ಮೊದಲು ಲೈಸೆನ್ಸ್ ಸರೆಂಡರ್ ಮಾಡಿ. ಆಮೇಲೆ ಒದ್ದಾಟ ಜಾಸ್ತಿ.

ವಿಜಯನಗರದಿಂದ

ಕಂಪ್ಯೂಟರ್ ಆನೇ ಆಗಲ್ಲ ಅಂದರೆ? ನಮ್ಮದು ಹಾಗೇ ಆಗಿತ್ತು. ಪಕ್ಕದ ಮುಚ್ಚಳದ ಸ್ಕ್ರೂ ಬಿಚ್ಚಿ, ಡಿಸ್ಕಿನ ಎರಡು ಕೇಬಲ್ ಎಳೆದು, ಅದನ್ನು ಹಿಡಿದ ಸ್ಕ್ರೂಗಳನ್ನು ತೆಗೆದರೆ ಕೈಗೆ ಬರುತ್ತದೆ. ಡಿಸ್ಕ್ ಹೊರಗೆ ಬಂದ ಮೇಲೆ ಉಳಿದದ್ದು ತಗಡಿನ ಡಬ್ಬ. ಡ್ರಿಲ್ ತಂದು ಡಿಸ್ಕಿಗೆ ನಾಲ್ಕೈದು ಕಡೆ ತೂತು ಹೊಡೆದೆ. ಲ್ಯಾಪ್‌ಟಾಪ್ ಡಿಸ್ಕಿನ ಒಳಗಿನ ತಟ್ಟೆ ಎಷ್ಟೋ ಸಲ ಗಾಜಿನದು, ಸಿಡಿಯುತ್ತದೆ, ಕನ್ನಡಕ ಹಾಕಿಕೊಳ್ಳಿ. ಫ್ರಿಜ್ ಮ್ಯಾಗ್ನೆಟ್ ಉಜ್ಜಿದರೆ ಏನೂ ಆಗಲ್ಲ, ನಮ್ಮ ಬಾವ ಅರ್ಧ ಗಂಟೆ ಉಜ್ಜಿದ್ದರು.

ಲ್ಯಾಪ್‌ಟಾಪ್ ಬ್ಯಾಟರಿಗೆ ಮಾತ್ರ ತೂತು ಹೊಡೆಯೋಕೆ ಹೋಗಬೇಡಿ, ಬೆಂಕಿ ಹತ್ತುತ್ತದೆ. ಹಳೇ ಡಬ್ಬ ಮಾನಿಟರ್ ಇದ್ದರೆ ಅದನ್ನೂ ಒಡೆಯಬೇಡಿ, ಗಾಜಿನಲ್ಲಿ ಸೀಸ ಇರುತ್ತದೆ.

ಡಬ್ಬಾನ ಗುಜರಿಗೆ ಬೇಡ ಅಂತ ನನ್ನ ಅಭಿಪ್ರಾಯ. ಕೊನೆಗೆ ಯಾವುದೋ ಬಯಲಲ್ಲಿ ತಾಮ್ರಕ್ಕೋಸ್ಕರ ವೈರ್ ಸುಡುತ್ತಾರೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮದ ಪ್ರಕಾರ ಇದು ನೋಂದಾಯಿತ ಮರುಬಳಕೆ ಘಟಕಕ್ಕೇ ಸೇರಬೇಕು. ಚರ್ಚ್ ಸ್ಟ್ರೀಟಿನ ಪರಿಸರ ಭವನದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿ ಇದೆಯಲ್ಲ, ಅವರಲ್ಲಿ ಅಂಥವರ ಪಟ್ಟಿ ಕೇಳಿ. ಕೊಟ್ಟಾಗ ರಸೀದಿ ತಗೊಳ್ಳಿ.

ಹನುಮಂತನಗರದಿಂದ ಮತ್ತೆ

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಕೂತು ಮಾಡಿದೆವು. ಮುಚ್ಚಳ ತೆಗೆದರೆ ಫ್ಯಾನ್ ಮೇಲೆ ಬೆರಳು ದಪ್ಪ ಧೂಳು, ಒಂದು ಸತ್ತ ಹಲ್ಲಿ. ಫೋಟೊ ಎಲ್ಲ ಸಿಕ್ಕವು. ಚಾಮರಾಜಪೇಟೆಯವರು ಹೇಳಿದ್ದು ನಿಜ, ಅಪ್ಪನ ಹದಿನೇಳು ಫೈಲ್ ನುಡಿಯಲ್ಲೇ ಇದ್ದವು. ಡಿಸ್ಕ್ ಅಳಿಸಿ ಬೀರುವಿನಲ್ಲಿಟ್ಟೆ, ಡಬ್ಬ ರಸೀದಿ ಸಮೇತ ಹೋಯಿತು. ಅಟ್ಟದಲ್ಲಿ ಈಗ ಸೀಡಿಗಳ ಒಂದು ಡಬ್ಬಿ ಸಿಕ್ಕಿದೆ, ಮೇಲೆ "ಬ್ಯಾಕಪ್" ಅಂತ ಅಪ್ಪನ ಕೈಬರಹ. ಅದನ್ನೇನು ಮಾಡಲಿ?

ರಾಜಾಜಿನಗರದಿಂದ

ಅದನ್ನೂ ಲಿನಕ್ಸಿನಲ್ಲೇ ತೆರೆದು ಬೇಕಾದ್ದು ಕಾಪಿ ಮಾಡಿಕೊಳ್ಳಿ ಮೇಡಂ. ಆಮೇಲೆ ಒಂದೊಂದನ್ನೂ ಪ್ಲಾಸ್ಟಿಕ್ ಕವರಿನೊಳಗಿಟ್ಟು ಕತ್ತರಿಯಿಂದ ನಾಲ್ಕು ತುಂಡು ಮಾಡಿ. ಕವರ್ ಇಲ್ಲದಿದ್ದರೆ ಚೂರು ಮನೆಯೆಲ್ಲ ಹಾರುತ್ತದೆ.