ಘಾಟಿ ಇಳಿಯುವಾಗ ಟ್ರೇಲರ್ ನೂಕ್ತದೆ, ಬ್ರೇಕ್ ಹಿಡಿಯೋದಿಲ್ಲ

ಪ್ರಶ್ನೆ (ಹೊಸನಗರ ಕಡೆಯ ಸದಸ್ಯರು): 45 ಎಚ್‌ಪಿ ಟ್ರ್ಯಾಕ್ಟರ್, ಡ್ರೈ ಡಿಸ್ಕ್ (ಎಣ್ಣೆಯಲ್ಲಿ ಮುಳುಗಿರದ) ಬ್ರೇಕ್. ಎರಡು ಚಕ್ರದ ಟ್ರೇಲರ್, ಅದಕ್ಕೆ ಬ್ರೇಕ್ ಇಲ್ಲ. ಮಾಸ್ತಿಕಟ್ಟೆಯಿಂದ ಹುಲಿಕಲ್ ಘಾಟಿ ಇಳಿದು ಹೊಸಂಗಡಿಗೆ ಲೋಡ್ ಒಯ್ಯಬೇಕು. ಅರ್ಧ ಘಾಟಿಗೇ ಸುಟ್ಟ ವಾಸನೆ ಬರ್ತದೆ. ಪೆಡಲ್ ಗಟ್ಟಿಯಾಗೇ ಇರ್ತದೆ, ಆದರೆ ಎಷ್ಟು ತುಳಿದರೂ ಗಾಡಿ ನಿಲ್ಲೋದಿಲ್ಲ. ತಣ್ಣಗಾದ ಮೇಲೆ ಮತ್ತೆ ಸರಿ. ಲೈನಿಂಗ್ (ಬ್ರೇಕಿನಲ್ಲಿ ಉಜ್ಜಿ ಹಿಡಿಯುವ ಪದರ) ಹೋದ ತಿಂಗಳು ಹಾಕಿಸಿದ್ದು. ಇನ್ನೇನು ಬದಲಿಸಬೇಕು?

ಉತ್ತರ (ಟ್ರ್ಯಾಕ್ಟರ್ ಮೆಕ್ಯಾನಿಕ್, ಶಿವಮೊಗ್ಗ): ಸದ್ಯಕ್ಕೆ ಸಾಮಾನು ಬದಲಿಸೋದು ಬೇಡ, ಇಳಿಸುವ ಕ್ರಮ ಬದಲಿಸಿ. ಪೆಡಲ್ ಗಟ್ಟಿ ಇದ್ದೂ ಗಾಡಿ ನಿಲ್ಲಲಿಲ್ಲ ಅಂದರೆ ಲೈನಿಂಗ್ ಕಾದು ಹಿಡಿತ ಬಿಟ್ಟಿದೆ ಅಂತ ಅರ್ಥ.

ಲೆಕ್ಕ ನೋಡಿ. ಟ್ರ್ಯಾಕ್ಟರ್ 2 ಟನ್, ಲೋಡ್ ಸೇರಿ ಟ್ರೇಲರ್ 4 ಟನ್ ಅಂತ ಇಟ್ಟುಕೊಳ್ಳಿ. 10 ಅಡಿಗೆ 1 ಅಡಿ ಇಳಿಯುವ ರಸ್ತೆಯಲ್ಲಿ ಟ್ರೇಲರ್ ಒಂದೇ ಹಿಂದಿನಿಂದ ಸುಮಾರು 400 ಕೆಜಿ ತೂಕದಷ್ಟು ನೂಕ್ತಾ ಇರ್ತದೆ. ಆ 6 ಟನ್ 300 ಮೀಟರ್ ಎತ್ತರ ಇಳಿಯುವಷ್ಟರಲ್ಲಿ ಹುಟ್ಟುವ ಶಾಖಕ್ಕೆ ಬಚ್ಚಲ ಹಂಡೆಯ 50 ಲೀಟರ್ ತಣ್ಣೀರು ಕುದಿ ಬರ್ತದೆ. ಅದರಲ್ಲಿ ಬಹುಪಾಲನ್ನು ಹಿಂದಿನ ಎರಡು ಚಕ್ರದ ಡಿಸ್ಕ್‌ಗಳ ಮೇಲೇ ಹೊರಿಸಿದರೆ ಲೈನಿಂಗ್ ಹೊಸದಾದರೇನು, ಹಳೆಯದಾದರೇನು.

ಲೋಡನ್ನು ಹಿಡಿಯಬೇಕಾದ್ದು ಗೇರ್. ಇಳಿಜಾರು ಶುರುವಾಗುವ ಮೊದಲೇ ಗಾಡಿ ನಿಲ್ಲಿಸಿ ಲೋ ರೇಂಜಿನ 3 ಅಥವಾ 4ನೇ ಗೇರಿಗೆ ಹಾಕಿ. ಅದೇ ಲೋಡಿನಲ್ಲಿ ಅದೇ ಘಾಟಿ ಹತ್ತಲು ಯಾವ ಗೇರ್ ಬೇಕೋ ಅದು, ಸಂಶಯ ಇದ್ದರೆ ಅದಕ್ಕಿಂತ ಒಂದು ಕಡಿಮೆ. ಹ್ಯಾಂಡ್ ಆಕ್ಸಿಲರೇಟರ್ ಪೂರ್ತಿ ಇಳಿಸಿ. ಇಂಜಿನ್ ಜೋರಾಗಿ ಕೂಗ್ತದೆ ಅಂತ ಹೆದರಿ ಗೇರ್ ಏರಿಸುವವರು ಬಹಳ. ಡೀಸೆಲ್ ಇಂಜಿನ್ ಗಾಡಿಯನ್ನು ತಡೆದು ಹಿಡಿಯೋದೇ ಆರ್‌ಪಿಎಂ ಮೇಲಿದ್ದಾಗ. ಮ್ಯಾನ್ಯುವಲ್‌ನಲ್ಲಿ ಹೇಳಿದ ರೇಟೆಡ್ ಆರ್‌ಪಿಎಂ, ಹೆಚ್ಚಿನವಕ್ಕೆ 2000ದ ಆಸುಪಾಸು, ದಾಟದಂತೆ ನೋಡಿಕೊಂಡರೆ ಸಾಕು. ದಾಟಲು ಹೊರಟಾಗ ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಿಡಿದು ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಿ. ಪೆಡಲ್ ಮೇಲೆ ಕಾಲು ಇಟ್ಟುಕೊಂಡೇ ಇಳಿದರೆ ಡಿಸ್ಕಿಗೆ ಆರಲು ಸಮಯವೇ ಸಿಗೋದಿಲ್ಲ.

ಕ್ಲಚ್ ಮಾತ್ರ ಮುಟ್ಟಲೇಬೇಡಿ. ಕ್ಲಚ್ ತುಳಿದ ಕ್ಷಣ ಇಂಜಿನ್ ಹಿಡಿತ ತಪ್ತದೆ. ಗೇರ್ ಒಮ್ಮೆ ನ್ಯೂಟ್ರಲ್‌ಗೆ ಬಂತೋ, ಓಡುವ ಗಾಡಿಯಲ್ಲಿ ಮತ್ತೆ ಕೂರೋದಿಲ್ಲ.

ಹಿಂದಿನ ಎಡ ಬಲ ಚಕ್ರಗಳಿಗೆ ಬೇರೆ ಬೇರೆ ಬ್ರೇಕ್ ಪೆಡಲ್ ಇರ್ತದೆ. ಎರಡನ್ನೂ ಜೋಡಿಸುವ ಲಾಕ್ ಗದ್ದೆಯಿಂದ ರಸ್ತೆಗೆ ಬಂದ ಕೂಡಲೇ ಹಾಕಬೇಕು. ಒಂದೇ ಪೆಡಲ್ ತುಳಿದರೆ ಟ್ರ್ಯಾಕ್ಟರ್ ಅಡ್ಡ ತಿರುಗ್ತದೆ, ಹಿಂದಿನ ಟ್ರೇಲರ್ ಅದನ್ನು ಮಡಚಿಹಾಕ್ತದೆ. ಲಾಕ್ ಹಾಕಿಯೂ ಒಂದು ಕಡೆ ಎಳೆದರೆ ಎರಡೂ ಪೆಡಲ್‌ಗಳ ಫ್ರೀ ಪ್ಲೇ (ಬ್ರೇಕ್ ಹಿಡಿಯುವ ಮೊದಲು ಪೆಡಲ್ ಸುಮ್ಮನೆ ಇಳಿಯುವ ದೂರ) ಸಮ ಮಾಡಿ. ಆಗಲೂ ಎಳೆದರೆ ಹಿಡಿಯದ ಬದಿ ಬಿಚ್ಚಿ. ಸೀಲ್ ಸೋರಿ ಲೈನಿಂಗಿಗೆ ಎಣ್ಣೆ ತಾಗಿರ್ತದೆ, ಇಲ್ಲವೇ ಡಿಸ್ಕ್‌ಗಳನ್ನು ಒತ್ತುವ ಆಕ್ಚುಯೇಟರ್ ಪ್ಲೇಟ್ ನಡುವಿನ ಗುಂಡುಗಳು ತುಕ್ಕು ಹಿಡಿದಿರ್ತವೆ. ಎಣ್ಣೆ ಕುಡಿದ ಲೈನಿಂಗನ್ನು ಪೆಟ್ರೋಲಿನಲ್ಲಿ ತೊಳೆದು ಹಾಕೋದು ದಂಡ.

ಪ್ರಶ್ನಿಸಿದವರು: ಟ್ರೇಲರಿಗೆ ಬ್ರೇಕ್ ಹಾಕಿಸಿದರೆ?

ಉತ್ತರ: ಘಾಟಿಯಲ್ಲಿ ಲೋಡ್ ಹೊಡೆಯೋದಾದರೆ ಹಾಕಿಸಲೇಬೇಕು ಮಾರಾಯ್ರೆ. ಹೈಡ್ರಾಲಿಕ್ ಡ್ರಮ್ ಬ್ರೇಕ್ ಹಾಕಿಸಿ. ಟ್ರೇಲರ್ ಬ್ರೇಕ್ ಒಂದು ಕೂದಲೆಳೆ ಮೊದಲು ಹಿಡಿಯಬೇಕು, ಆಮೇಲೆ ಟ್ರ್ಯಾಕ್ಟರಿನದ್ದು. ಆಗ ಟ್ರೇಲರ್ ಹಿಂದಿನಿಂದ ಎಳೆದುಕೊಂಡು ನೇರ ನಿಲ್ತದೆ. ಸೆಟ್ ಮಾಡುವಾಗ ಜಾಕ್ ಕೊಟ್ಟು, ಚಕ್ರ ಕೈಯಲ್ಲಿ ತಿರುಗದಷ್ಟು ಅಡ್ಜಸ್ಟರ್ ಬಿಗಿ ಮಾಡಿ, ನಂತರ ಲೈನಿಂಗ್ ಸಣ್ಣಗೆ ಉಜ್ಜುವ ಸದ್ದು ಮಾತ್ರ ಉಳಿಯುವಷ್ಟು ಸಡಿಲಿಸಿ. ಬ್ರೇಕ್ ಪೈಪಿನಲ್ಲಿ ಸೇರಿದ ಗಾಳಿ ತೆಗೆಯೋದು ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಆಯಿಲ್ ನೂಕುವ ಭಾಗ) ದೂರದ ಚಕ್ರದಿಂದ ಶುರು.

ಲೋಡ್ ಆಕ್ಸಲ್ಲಿಗಿಂತ ಸ್ವಲ್ಪ ಮುಂದಕ್ಕಿರಲಿ. ಹಿಂದೆ ಹೇರಿದರೆ ಹಿಚ್ (ಟ್ರೇಲರ್ ಕೊಂಡಿ) ಮೇಲೇಳ್ತದೆ, ಟ್ರ್ಯಾಕ್ಟರಿನ ಹಿಂಚಕ್ರ ಹಗುರಾಗ್ತದೆ. ಬ್ರೇಕ್ ಇರೋದೇ ಆ ಚಕ್ರಕ್ಕೆ! ಮಳೆಗಾಲದಲ್ಲಿ ಇದು ಇನ್ನೂ ಅಪಾಯ.

ವಾಸನೆ ಬಂದ ಕೂಡಲೇ, ಬ್ರೇಕ್ ಇನ್ನೂ ಹಿಡಿಯುವಾಗಲೇ, ಧರೆ (ಗುಡ್ಡದ ಗೋಡೆ) ಕಡೆ ನಿಲ್ಲಿಸಿ. ಗೇರಿನಲ್ಲಿಟ್ಟು ಇಂಜಿನ್ ಆಫ್ ಮಾಡಿ, ಟ್ರ್ಯಾಕ್ಟರಿಗೂ ಟ್ರೇಲರಿಗೂ ಅಡ್ಡಗಲ್ಲು ಕೊಡಿ. ಅರ್ಧ ಗಂಟೆಯಾದರೂ ಬಿಡಿ. ನೀರು ಹೊಯ್ಯಬೇಡಿ, ಕಾದ ಬೀಡು (ಎರಕದ ಕಬ್ಬಿಣ) ಬಿರಿಯುತ್ತದೆ. ಬ್ರೇಕ್ ಪೂರ್ತಿ ಹೋದರೆ ಗೇರ್ ಬಿಡಿಸದೆ ಧರೆ ಬದಿಯ ಚರಂಡಿಗೆ ಚಕ್ರ ಇಳಿಸಿ, ಧರೆಗೆ ಉಜ್ಜಿಸಿ. ಕಣಿವೆ ಕಡೆ ತಿರುಗಿಸಲೇಬೇಡಿ.

ಇನ್ನೊಬ್ಬರು (ತೀರ್ಥಹಳ್ಳಿ): ಪವರ್ ಟಿಲ್ಲರಿಗೂ ಇದೇ ಕ್ರಮವಾ? ತೋಟದ ಇಳಿಜಾರಲ್ಲಿ ಟ್ರೇಲರ್ ಸಮೇತ ಎಡ ಕ್ಲಚ್ ಒತ್ತಿದರೆ ಬಲಕ್ಕೆ ಹೋಗ್ತದೆ.

ಉತ್ತರ: ಗೇರಿನ ಮಾತು ಅದೇ, 1 ಅಥವಾ 2ನೇ ಗೇರ್. ಬಲಕ್ಕೆ ಹೋಗೋದು ಟಿಲ್ಲರಿನ ದೋಷ ಅಲ್ಲ. ಸಮತಟ್ಟಲ್ಲಿ ಇಂಜಿನ್ ಚಕ್ರವನ್ನು ಎಳೆಯುತ್ತದೆ. ಎಡ ಸ್ಟೇರಿಂಗ್ ಕ್ಲಚ್ (ಎಡಚಕ್ರಕ್ಕೆ ಮಾತ್ರ ಇಂಜಿನ್ ಸಂಪರ್ಕ ತಪ್ಪಿಸುವ ಹಿಡಿ) ಒತ್ತಿದರೆ ಎಡಚಕ್ರ ಹಿಂದುಳಿದು ಎಡಕ್ಕೆ ತಿರುಗ್ತದೆ. ಇಳಿಜಾರಲ್ಲಿ ಇಂಜಿನ್ ಚಕ್ರವನ್ನು ತಡೆದು ಹಿಡಿದಿರ್ತದೆ. ಎಡ ಕ್ಲಚ್ ಒತ್ತಿದರೆ ಎಡಚಕ್ರಕ್ಕೆ ಆ ತಡೆ ತಪ್ಪಿ, ಲೋಡಿನ ನೂಕಿಗೆ ಮುಂದೆ ಓಡಿ ಬಲಕ್ಕೆ ತಿರುಗ್ತದೆ. ಇಳಿಜಾರಲ್ಲಿ ಸ್ಟೇರಿಂಗ್ ಕ್ಲಚ್ ಬಿಟ್ಟು ಹ್ಯಾಂಡಲ್ ಬಲದಲ್ಲೇ ನಿಧಾನ ತಿರುಗಿಸಿ. ಹೊಸ ಆಳಿನ ಕೈಗೆ ಟಿಲ್ಲರ್ ಕೊಡುವ ಮೊದಲು ಇದನ್ನು ಖಾಲಿ ಗಾಡಿಯಲ್ಲಿ ತೋರಿಸಿ.

ಮತ್ತೊಬ್ಬರು: ನನ್ನದು ಜೀಪ್, ಹಿಂದೆ ಸಣ್ಣ ಟ್ರೇಲರ್. ಘಾಟಿಯಲ್ಲಿ ಪೆಡಲ್ ಸ್ಪಂಜಿನ ಹಾಗೆ ನೆಲಕ್ಕೇ ಹೋಗ್ತದೆ.

ಉತ್ತರ: ಅದು ಬೇರೆ ಕಾಯಿಲೆ. ಬ್ರೇಕ್ ಆಯಿಲ್ ಕುದಿದು ಆವಿಯಾಗಿದೆ. ಡಾಟ್ 3 (ಬ್ರೇಕ್ ಆಯಿಲಿನ ಒಂದು ದರ್ಜೆ) ಆಯಿಲ್ ಹೊಸತಿದ್ದಾಗ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯಬಾರದು. ಗಾಳಿಯ ತೇವ ಹೀರಿಕೊಂಡ ಮೇಲೆ ಆ ಮಿತಿ 140ಕ್ಕೆ ಇಳೀತದೆ. ಡಾಟ್ 4ಕ್ಕೆ 230 ಮತ್ತು 155. ನಮ್ಮ ಮಳೆಗೆ ಎರಡು ವರ್ಷ ಕಾಯಬೇಡಿ, ಪ್ರತಿವರ್ಷ ಮಳೆಗಾಲ ಮುಗಿದ ಮೇಲೆ ಪೂರ್ತಿ ಹಳೆಯದು ತೆಗೆದು, ಸೀಲ್ ಒಡೆಯದ ಡಬ್ಬಿಯಿಂದ ಡಾಟ್ 4 ತುಂಬಿಸಿ. ತಣ್ಣಗಿದ್ದಾಗಲೂ ಪೆಡಲ್ ನೆಲಕ್ಕೆ ಹೋದರೆ ಸೋರಿಕೆ ಹುಡುಕಿ. ಎಲ್ಲೂ ಸೋರದೆ, ಒತ್ತಿಹಿಡಿದ ಪೆಡಲ್ ನಿಧಾನ ಇಳಿಯುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ.