ತಲೆಸ್ನಾನದ ನಂತರ ಕಿವಿ ಕಟ್ಟಿಕೊಂಡಿದೆ, ಗುಗ್ಗೆ ತೆಗೆಯುವುದು ಹೇಗೆ?

ಪ್ರಶ್ನೆ: ಅಮ್ಮನಿಗೆ 62 ವರ್ಷ, ಸಕ್ಕರೆ ಕಾಯಿಲೆ ಇದೆ. ನಿನ್ನೆ ತಲೆಗೆ ನೀರು ಹಾಕಿಕೊಂಡ ಮೇಲೆ ಬಲಗಿವಿ ಮಂದ. ನೋವಿಲ್ಲ, ಸೋರುತ್ತಿಲ್ಲ. ಎಣ್ಣೆ ಬಿಸಿ ಮಾಡಿ ಬಿಡಬಹುದೇ?

ಉತ್ತರ 1: ಒಣ ಗುಗ್ಗೆ ನೀರು ಹೀರಿ ಉಬ್ಬಿದರೆ ಹೀಗೆ ದಿಢೀರನೆ ಕಟ್ಟುತ್ತದೆ. ಒಲೆಯ ಮೇಲೆ ಕಾಯಿಸಿದ ಎಣ್ಣೆ ಬೇಡವೇ ಬೇಡ, ಕಿವಿಯ ತಮಟೆ ಸುಡುತ್ತದೆ. ಔಷಧಿ ಅಂಗಡಿಯಲ್ಲಿ ಗುಗ್ಗೆ ಮೆತ್ತಗಾಗಿಸುವ ಡ್ರಾಪ್ಸ್ ಸಿಗುತ್ತದೆ, ಶೇ. 5ರ ಸೋಡಿಯಂ ಬೈಕಾರ್ಬೊನೇಟ್ ಆದರೂ ಸರಿ. ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಮೈಬಿಸಿಗೆ ತನ್ನಿ. ತಣ್ಣಗಿದ್ದರೆ ತಲೆ ಸುತ್ತುತ್ತದೆ. ಕಿವಿ ಮೇಲೆ ಬರುವಂತೆ ಮಲಗಿಸಿ, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು 3 ಹನಿ ಬಿಡಿ, 5–10 ನಿಮಿಷ ಹಾಗೇ ಇರಲಿ. ದಿನಕ್ಕೆ 3 ಸಲ, 3–5 ದಿನ. ಮೊದಲೆರಡು ದಿನ ಇನ್ನಷ್ಟು ಮಂದವಾಗಬಹುದು, ಗಾಬರಿ ಬೇಡ. ತಮಟೆ ತೂತಾಗಿದ್ದರೆ ಅಥವಾ ಕಿವಿ ಆಪರೇಷನ್ ಆಗಿದ್ದರೆ ಹಾಕಲೇಬೇಡಿ.

ಉತ್ತರ 2: ಹೇರ್‌ಪಿನ್, ಬಡ್ಸ್ ಎರಡನ್ನೂ ಅವರ ಕೈಗೆ ಸಿಗದಂತೆ ಎತ್ತಿಡಿ. ಗುಗ್ಗೆಯನ್ನು ಅವು ತಮಟೆಯತ್ತ ತಳ್ಳುತ್ತವೆ. ಸಕ್ಕರೆ ಕಾಯಿಲೆಯವರಲ್ಲಿ ಸಣ್ಣ ಗೀರಿನ ಸೋಂಕು ಕೂಡ ಮೂಳೆಗೆ ಇಳಿಯಬಹುದು. ರಾತ್ರಿ ನಿದ್ದೆಗೆಡಿಸುವ ನೋವು, ಸೋರಿಕೆ ಬಂದರೆ ಅದೇ ದಿನ ಇಎನ್‌ಟಿ ವೈದ್ಯರ ಬಳಿ ಹೋಗಿ. ಹನಿಯಿಂದ ಹೋಗದಿದ್ದರೂ ಅವರಲ್ಲೇ ತೆಗೆಸಿ; ಸಕ್ಕರೆ ಇರುವವರಿಗೆ ನೀರು ಹಾಯಿಸುವುದಕ್ಕಿಂತ ಸಕ್ಷನ್ (ಸಣ್ಣ ನಳಿಕೆಯಿಂದ ಹೀರಿ ತೆಗೆಯುವುದು) ಒಳ್ಳೆಯದು.

ಉತ್ತರ 3: ಒಂದು ಮಾತು ಸೇರಿಸುತ್ತೇನೆ. ಬಾಯಿ ಮುಚ್ಚಿ 'ಮ್‌ಮ್' ಎಂದು ಗುನುಗಲು ಹೇಳಿ. ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯಂಥ ಅಡ್ಡಿ ಇರಬಹುದು. ಒಳ್ಳೆಯ ಕಿವಿಯಲ್ಲಿ ಜೋರಾದರೆ ನರದ ತೊಂದರೆಯ ಅನುಮಾನ. ಆಗ ಹನಿ ಹಾಕುತ್ತಾ ಕಾಯಬೇಡಿ, ಇವತ್ತೇ ತೋರಿಸಿ. ಸ್ಟೀರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಕೇಳುವಿಕೆ ಮರಳುವ ಸಾಧ್ಯತೆ ಹೆಚ್ಚು. ಗುನುಗಿ ನೋಡುವುದು ಅಂದಾಜಿಗಷ್ಟೇ, ಆಡಿಯೊಮೆಟ್ರಿಗೆ (ಕೇಳುವಿಕೆ ಅಳೆಯುವ ಪರೀಕ್ಷೆಗೆ) ಬದಲಲ್ಲ.