ತೋಳಿನ ಶುಗರ್ ಸೆನ್ಸರ್: ಡಾಕ್ಟರನ್ನು ಕೇಳಿ

ಅಡ್ಮಿನ್: ನಮ್ಮ ಬನಶಂಕರಿ ಗುಂಪಿನ ಡಾಕ್ಟರ್ ಮೇಡಂ ಇವತ್ತು ಭಾನುವಾರ ಸಂಜೆ ಬಿಡುವಾಗಿದ್ದಾರೆ. ತೋಳಿಗೆ ಅಂಟಿಸುವ, ಹಗಲು ರಾತ್ರಿ ಶುಗರ್ ನೋಡುತ್ತಲೇ ಇರುವ ಸಿಜಿಎಂ ಸೆನ್ಸರ್ ಬಗ್ಗೆ ಮಾತ್ರ ಕೇಳಿ. ಫಾರ್ವರ್ಡ್ ಬೇಡ.

ರಮೇಶ: ಮೇಡಂ, ಸೆನ್ಸರ್‌ನಲ್ಲಿ 168, ಬೆರಳು ಚುಚ್ಚಿದರೆ 142. ಯಾವುದು ಸರಿ?

ಡಾಕ್ಟರ್: ಎರಡನ್ನೂ ತಪ್ಪು ಅನ್ನುವಂತಿಲ್ಲ. ಮೀಟರ್ ರಕ್ತ ನೋಡುತ್ತದೆ. ಸೆನ್ಸರ್ ಚರ್ಮದ ಕೆಳಗೆ ಜೀವಕೋಶಗಳ ನಡುವಿನ ದ್ರವ ನೋಡುತ್ತದೆ. ರಕ್ತದಲ್ಲಿ ಆದ ಏರುಪೇರು ಅಲ್ಲಿಗೆ ಮುಟ್ಟಲು 5ರಿಂದ 15 ನಿಮಿಷ ಬೇಕು. ಊಟ ಆದಮೇಲೆ, ವಾಕಿಂಗ್ ಮಾಡುವಾಗ ಅಂತರ ಜಾಸ್ತಿ. ಹಾಕಿಸಿಕೊಂಡ ಮೊದಲ ದಿನದ ನಂಬರಿಗೆ ತಲೆ ಕೆಡಿಸಿಕೊಳ್ಳಬೇಡಿ. ವಿಟಮಿನ್ ಸಿ ಮಾತ್ರೆ ಜಾಸ್ತಿ ನುಂಗಿದರೂ ಕೆಲವು ಸೆನ್ಸರ್ ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ.

ಗಿರಿಜಾ: ಸ್ನಾನ ಮಾಡಬಹುದಾ?

ಡಾಕ್ಟರ್: ಮಾಡಿ. ಆ ಜಾಗ ಉಜ್ಜಬೇಡಿ.

ಫ್ಲಾಟ್ 304: ವಿಮೆಯಲ್ಲಿ ಇದರ ದುಡ್ಡು ವಾಪಸ್ ಬರುತ್ತಾ?

ಶಾಲಿನಿ: ಮೇಡಂ, ಅಪ್ಪನಿಗೆ 74 ವರ್ಷ. ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ, ರಾತ್ರಿ ಇನ್ಸುಲಿನ್, ಬಿಪಿಗೆ ಮೆಟೊಪ್ರೊಲಾಲ್. ಕಿಡ್ನಿ ಟೆಸ್ಟಲ್ಲಿ ಕ್ರಿಯಾಟಿನಿನ್ 1.9, ಜಾಸ್ತಿನೇ. ನಿನ್ನೆ ರಾತ್ರಿ 3 ಗಂಟೆಗೆ ಸೆನ್ಸರ್ 56 ಅಂತ ಕೂಗಿಕೊಂಡಿತು. ಆ ಕೈ ಮೇಲೆ ಮಲಗಿದರೆ ಸುಳ್ಳು ನಂಬರ್ ಬರುತ್ತೆ ಅಂತ ತಮ್ಮ ಅಲಾರಂ ಆಫ್ ಮಾಡಿದ. ಸರೀನಾ?

ಡಾಕ್ಟರ್: ಗ್ರಾಫ್ ಫೋಟೋ ಹಾಕಿ. ಎದ್ದಾಗ ಹೇಗಿದ್ದರು?

ಶಾಲಿನಿ: ಹಾಕಿದ್ದೀನಿ. ನಡುಕ ಇರಲಿಲ್ಲ. ಫ್ಯಾನ್ ಓಡ್ತಾ ಇದ್ದರೂ ಬನಿಯನ್ ಬೆನ್ನಿಗೆ ಅಂಟಿಕೊಂಡಿತ್ತು. ಸೆಕೆಗೆ ಇರಬೇಕು ಅಂದುಕೊಂಡ್ವಿ.

ಡಾಕ್ಟರ್: ಸೆಕೆ ಅಲ್ಲಮ್ಮಾ. ಸರಿಯಾಗಿ ಓದಿಕೊಳ್ಳಿ.

ನಿಮ್ಮ ತಮ್ಮ ಹೇಳಿದ್ದು ನಿಜ, ಕೈ ಮೇಲೆ ಒತ್ತಿ ಮಲಗಿದರೆ ಸುಳ್ಳು ಇಳಿತ ಬರುತ್ತದೆ. ಆದರೆ ಅದರ ಗ್ರಾಫ್ ಬೇರೆ. ದಢಾರನೆ ಬೀಳುತ್ತದೆ, ಮಗ್ಗುಲು ಬದಲಿಸಿದರೆ ಸ್ವಲ್ಪ ಹೊತ್ತಿಗೆ ಮೇಲೆ ಬರುತ್ತದೆ. ಇದು ಹನ್ನೆರಡರಿಂದ ನಿಧಾನಕ್ಕೆ ಜಾರಿದೆ, ಐದರವರೆಗೂ ಕೆಳಗೇ ಇದೆ. ಜೊತೆಗೆ ಬೆವರು. ಅಂದರೆ ಶುಗರ್ ನಿಜಕ್ಕೂ ಇಳಿದಿದೆ. ಮೆಟೊಪ್ರೊಲಾಲ್ ತಗೊಳ್ಳುವವರಿಗೆ ನಡುಕ, ಎದೆ ಹೊಡೆತ ಗೊತ್ತೇ ಆಗದೆ ಇರಬಹುದು. ಬೆವರು ಮಾತ್ರ ಮರೆಯಾಗುವುದಿಲ್ಲ. ಕಿಡ್ನಿ ಸೋತಿದ್ದರೆ ಗ್ಲಿಮೆಪಿರೈಡ್, ಇನ್ಸುಲಿನ್ ಎರಡೂ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತವೆ. ಒಂದು ಸಲ ಸಕ್ಕರೆ ಕೊಟ್ಟು ಮೇಲೆ ಬಂದರೂ ಮತ್ತೆ ಬೀಳಬಹುದು.

ಅಲಾರಂ ಈಗಲೇ ಆನ್ ಮಾಡಿ. 70ಕ್ಕಿಂತ ಕೆಳಗೆ ಬಂದರೆ ಎಬ್ಬಿಸಿ, ಬೆರಳು ಚುಚ್ಚಿ ನೋಡಿ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತಾ ಕೂರಬೇಡಿ. ಮೂರು ಚಮಚ ಗ್ಲೂಕೋಸ್ ಪುಡಿ ನೀರಿಗೆ ಕದಡಿ ಕೊಡಿ. ಚಾಕ್ಲೇಟ್, ಬಾದಾಮಿ ಹಾಲು ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಏರಿದ ಮೇಲೆ ಏನಾದರೂ ತಿನ್ನಿಸಿ. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ನಿನ್ನೆ ರಾತ್ರಿ ಏನು ಊಟ ಮಾಡಿದ್ದರು?

ನಾಗರಾಜ: ಮೇಡಂ, ರಾಗಿ ಮುದ್ದೆ ತಿಂದೆ, 230ಕ್ಕೆ ಹೋಯಿತು. ಸೆನ್ಸರ್ ಕೆಟ್ಟಿದೆ ಅನ್ಸುತ್ತೆ. ರಾಗಿ ಶುಗರ್‌ಗೆ ಒಳ್ಳೇದಲ್ವಾ?

ರಮೇಶ: ಎಷ್ಟು ಮುದ್ದೆ?

ನಾಗರಾಜ: ಎರಡು. ಮಂಡ್ಯದವರು ಸ್ವಾಮಿ, ನಿಂಬೆಹಣ್ಣಿನ ಗಾತ್ರ ಮಾಡಲ್ಲ.

ಗಿರಿಜಾ: ನಮ್ಮ ತಾತ ದಿನಾ ಮುದ್ದೆ ತಿಂದು ತೊಂಬತ್ತು ದಾಟಿದರು. ಸುಮ್ನೆ ರಾಗಿಯನ್ನ ಬೈಬೇಡಿ.

ರಮೇಶ: ನಿಮ್ಮ ತಾತ ಹೊಲ ಉಳುತ್ತಿದ್ದರು. ನಾಗರಾಜ್ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಕೂತಿರುತ್ತಾರೆ.

ನಾಗರಾಜ: ನಿಮ್ಮನ್ನ ಕೇಳಿದ್ನಾ?

ಡಾಕ್ಟರ್: ರಾಗಿಯಲ್ಲೂ ಪಿಷ್ಟ ಇದೆ. ಒಂದೇ ಸಣ್ಣ ಮುದ್ದೆ, ಬಸ್ಸಾರು, ಕಾಳಿನ ಪಲ್ಯ ಜಾಸ್ತಿ. ನಾಳೆ ಹಾಗೆ ತಿಂದು ಗ್ರಾಫ್ ನೋಡಿ. ಶಾಲಿನಿ, ಊಟ?

ಸುಬ್ಬರಾವ್: *ಫಾರ್ವರ್ಡ್* ಇನ್ಸುಲಿನ್ ಗಿಡದ ಎಲೆ, ಮೆಂತ್ಯ, ಹಾಗಲಕಾಯಿ ರಸ ಖಾಲಿ ಹೊಟ್ಟೆಗೆ! 21 ದಿನದಲ್ಲಿ ಮಾತ್ರೆ ಬಿಸಾಕಿ! ಹತ್ತು ಜನಕ್ಕೆ ಕಳಿಸಿ!

ಡಾಕ್ಟರ್: ಹತ್ತು ಜನಕ್ಕೆ ಕಳಿಸಿ, ಅವರಲ್ಲಿ ಒಬ್ಬರು ನನ್ನ ವಾರ್ಡಿಗೆ ಬರುತ್ತಾರೆ. ಆ ಗಿಡಕ್ಕೆ ಹೆಸರಷ್ಟೇ ಇನ್ಸುಲಿನ್. ಮಾತ್ರೆ ಜೊತೆ ಈ ರಸ ಕುಡಿದರೆ ಶುಗರ್ ತೀರಾ ಇಳಿಯಬಹುದು. ಟೈಪ್ 1, ಅಂದರೆ ಮೈಯಲ್ಲಿ ಇನ್ಸುಲಿನ್ ತಯಾರಾಗದ ಶುಗರ್ ಕಾಯಿಲೆ ಇರುವ ಮಗುವಿಗೆ ಇನ್ಸುಲಿನ್ ನಿಲ್ಲಿಸಿದರೆ ಜೀವಕ್ಕೇ ಅಪಾಯ.

ಸುಬ್ಬರಾವ್: ನಮ್ಮ ಪೂರ್ವಜರೇನು ದಡ್ಡರಾ? ಎಲ್ಲಾ ಔಷಧ ಕಂಪನಿಗಳ ಆಟ.

ರಮೇಶ: ರಾಯರೇ, ನೀವು ಬೆಳಿಗ್ಗೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ನುಂಗೋದು ನಾನೇ ನೋಡಿದ್ದೀನಿ.

ಸುಬ್ಬರಾವ್: ಅದು ನನ್ನ ಸ್ವಂತ ವಿಷಯ.

ಪ್ರಮೀಳಾ: ಮೇಡಂ, ಸೆನ್ಸರ್ ಹಾಕ್ಕೊಂಡು ಸ್ನಾನ ಮಾಡಬಹುದಾ?

ಡಾಕ್ಟರ್: ಮೇಲೆ ಓದಿ.

ಪ್ರಮೀಳಾ: ಒಂದು ಮಾತು ಹೇಳೋಕೆ ಇಷ್ಟು ಸಿಡುಕಾ?

ಫ್ಲಾಟ್ 304: ವಿಮೆ ಬಗ್ಗೆ ಕೇಳಿದ್ದೆ…

ಶಾಲಿನಿ: ಮೇಡಂ, ಅಮ್ಮನ್ನ ಕೇಳಿ ಬಂದೆ. ನಿನ್ನೆ ಶನಿವಾರ ಒಪ್ಪತ್ತು. ರಾತ್ರಿ ಒಂದು ಹಿಡಿ ಅವಲಕ್ಕಿ ಅಷ್ಟೇ. ಮಾತ್ರೆ, ಇನ್ಸುಲಿನ್ ಎಂದಿನಂತೆ. ಮತ್ತೆ ದಿನಾ ಬೆಳಿಗ್ಗೆ ಹಾಗಲಕಾಯಿ ರಸ ಕುಡೀತಾ ಇದ್ದಾರಂತೆ. ಇದೇ ಗುಂಪಲ್ಲಿ ಓದಿ.

ಡಾಕ್ಟರ್: ರಸ ಇವತ್ತಿಗೇ ನಿಲ್ಲಿಸಿ. ಒಪ್ಪತ್ತೂ ಸದ್ಯಕ್ಕೆ ಬೇಡ. ರಾತ್ರಿಯ ಡೋಸ್ ಕೊಡುವ ಮುಂಚೆ ಅವರ ಡಾಕ್ಟರಿಗೆ ಫೋನ್ ಮಾಡಿ, ಇದೆಲ್ಲಾ ಹೇಳಿ.

ಶಾಲಿನಿ: ಭಾನುವಾರ ಅಲ್ವಾ ಮೇಡಂ, ನಾಳೆ ಬೆಳಿಗ್ಗೆ ಮಾಡಲಾ?

ಡಾಕ್ಟರ್: ಬೇಡ. ಈಗಲೇ ಮಾಡಿ. ಸಿಗದಿದ್ದರೆ ನನ್ನ ನಂಬರಿಗೆ ಫೋನ್ ಮಾಡಿ.